ಲಿಂಗ್ವಿಸ್ಟಿಕ್ಸ್ ಓದಿ ಮುಂದೇನು ಎಂದು ಕೇಳುವವರಿಗೆ

ಡಿಗ್ರಿ ರಿಸಲ್ಟ್ ಬರುವ ಹೊತ್ತಿಗೆ ನನಗೆ ಒಂದೇ ಬಗೆಯ ಮೆಸೇಜುಗಳು ಬರುತ್ತವೆ. "ಅಕ್ಕಾ, ಎಂ.ಎ. ಲಿಂಗ್ವಿಸ್ಟಿಕ್ಸ್ ತಗೊಳ್ಳಲಾ?" "ಸೀಟು ಸಿಕ್ಕಿದೆ, ಮನೇಲಿ ಬೇಡ ಅಂತಿದ್ದಾರೆ." "ಮುಗಿಸಿದ್ದೀನಿ, ಈಗ ಏನು ಮಾಡೋದು?" ಒಬ್ಬೊಬ್ಬರಿಗೂ ಅರ್ಧ ಅರ್ಧ ಉತ್ತರ ಕೊಡುವುದಕ್ಕಿಂತ ಎಲ್ಲವನ್ನೂ ಇಲ್ಲೇ ಬರೆಯುತ್ತೇನೆ. ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ಮೊದಲು ಕಹಿ ಮಾತು. ನಮ್ಮ ರಾಜ್ಯದಲ್ಲಿ ಲಿಂಗ್ವಿಸ್ಟಿಕ್ಸ್, ಅಂದರೆ ಭಾಷಾವಿಜ್ಞಾನ ಅನ್ನೋ ಹೆಸರಿನ ಹುದ್ದೆಗಳು ತೀರಾ ಕಡಿಮೆ. ಪಿಯುಸಿಯಲ್ಲಿ ಈ ವಿಷಯವೇ ಇಲ್ಲ, ಹಾಗಾಗಿ ಲೆಕ್ಚರರ್ ಪೋಸ್ಟೂ ಇಲ್ಲ. ಯುಪಿಎಸ್‌ಸಿಯ ಐಚ್ಛಿಕ ವಿಷಯಗಳಲ್ಲಿ ಕನ್ನಡ ಸಾಹಿತ್ಯ ಇದೆ, ಭಾಷಾವಿಜ್ಞಾನ ಇಲ್ಲ. ಕನ್ನಡ ಎಂ.ಎ. ಒಳಗೆ ಇದು ಒಂದು ಪೇಪರ್ ಆಗಿ ಬರುತ್ತದೆ. ಆದರೆ ಅದನ್ನು ಪಾಠ ಮಾಡಲು ಕರೆಯುವುದು ಕನ್ನಡ ಎಂ.ಎ. ಆದವರನ್ನು. ಒಂದು ಕಾಲೇಜಿನಲ್ಲಿ ಅದೇ ಪೇಪರಿಗೆ ಅತಿಥಿ ಉಪನ್ಯಾಸಕರು ಬೇಕಾಗಿದ್ದಾರೆ ಎಂದು ಗೊತ್ತಾಗಿ ಅರ್ಜಿ ಹಾಕಿದ್ದೆ. "ನಿಮ್ಮದು ಕನ್ನಡ ಎಂ.ಎ. ಅಲ್ವಲ್ಲ" ಎಂದು ಫೈಲು ವಾಪಸ್ ಕೊಟ್ಟರು. ಭಾಷಾವಿಜ್ಞಾನ ಕಲಿಸಲು ಭಾಷಾವಿಜ್ಞಾನ ಓದಿದವರು ಆಗುವುದಿಲ್ಲ ಎಂಬ ನಿಯಮ ನನಗೆ ಇವತ್ತಿಗೂ ಅರ್ಥವಾಗಿಲ್ಲ, ನೋವೂ ಹೋಗಿಲ್ಲ.

ಹಾಗಾಗಿ ಪಾಠ ಮಾಡಲೇಬೇಕು ಎಂಬ ಆಸೆ ಇರುವವರಿಗೆ ನೇರವಾಗಿ ಹೇಳುತ್ತೇನೆ, ಜೊತೆಗೆ ಇನ್ನೊಂದು ಎಂ.ಎ. ಮಾಡಿಬಿಡಿ. ಕನ್ನಡವೋ ಇಂಗ್ಲಿಷೋ, ನಿಮಗೆ ಬಿಟ್ಟದ್ದು. 2022ರಿಂದ ಯುಜಿಸಿ ಎರಡು ಡಿಗ್ರಿಗಳನ್ನು ಒಟ್ಟಿಗೆ ಓದಲು ಬಿಟ್ಟಿದೆ. ಒಂದನ್ನು ಕ್ಲಾಸಿಗೆ ಹೋಗಿ ಓದಿ, ಇನ್ನೊಂದನ್ನು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಂಥ ಕಡೆ ದೂರಶಿಕ್ಷಣದಲ್ಲಿ ಮುಗಿಸಬಹುದು. ಹಾಗೆಯೇ ಕಾಲೇಜಿನಲ್ಲಿ ಪಾಠ ಮಾಡುವ ಅರ್ಹತೆಗೆ ಬರೆಯುವ ನೆಟ್ ಪರೀಕ್ಷೆಯನ್ನು ಎಂ.ಎ. ಎರಡನೇ ವರ್ಷದಲ್ಲೇ ಬರೆಯಿರಿ. ನಮ್ಮ ವಿಷಯದ ಕೋಡ್ 31. 2024ರಿಂದ ಪಿಎಚ್‌ಡಿ ಪ್ರವೇಶಕ್ಕೂ ನೆಟ್ ಅಂಕಗಳನ್ನು ಬಳಸುತ್ತಿದ್ದಾರೆ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಮನೆಯವರನ್ನು ಒಪ್ಪಿಸುವುದಕ್ಕೂ ಇದು ಒಳ್ಳೆಯ ಅಂಕಿ.

ಇನ್ನು ಈ ಬರಹದ ಮುಖ್ಯ ವಿಷಯ. ಹುದ್ದೆಗಳು ಕಡಿಮೆ ಇರಬಹುದು, ಆದರೆ ಭಾಷಾವಿಜ್ಞಾನಿ ಮಾಡಬೇಕಾದ ಕೆಲಸ ಕರ್ನಾಟಕದಲ್ಲಿ ರಾಶಿ ಬಿದ್ದಿದೆ. ಆ ಕೆಲಸಕ್ಕೆ ಬೇಕಾದ ಬಂಡವಾಳ ನಿಮ್ಮ ಮನೆಮಾತು. ಕ್ಲಾಸಿನಲ್ಲಿ ಓದುವ ಥಿಯರಿಗಳೆಲ್ಲ ಡೆಲ್ಲಿಯವರಿಗೂ ಗೊತ್ತು, ಬರ್ಲಿನ್‌ನವರಿಗೂ ಗೊತ್ತು. ಕುಂದಾಪ್ರ ಕನ್ನಡದಲ್ಲಿ, ಹಾಲಕ್ಕಿಗಳ ಕನ್ನಡದಲ್ಲಿ, ಸೋಲಿಗರ ಮಾತಿನಲ್ಲಿ, ಕಲಬುರಗಿಯ ಕನ್ನಡದಲ್ಲಿ ಕ್ರಿಯಾಪದ ಹೇಗೆ ನಡೆಯುತ್ತದೆ ಅನ್ನೋದು ನಿಮಗೆ ಮಾತ್ರ ಒಳಗಿನಿಂದ ಗೊತ್ತು. ಅದನ್ನು ಶಾಸ್ತ್ರೀಯವಾಗಿ ದಾಖಲಿಸಲು ಕಲಿತವರು ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನೋದು ನನ್ನ ಗಟ್ಟಿ ನಂಬಿಕೆ.

ಸುಮ್ನೆ ಹೇಳುತ್ತಿಲ್ಲ. ಪುತ್ತೂರು ಕಡೆಯ ಡಿ.ಎನ್. ಶಂಕರ ಭಟ್ಟರನ್ನು ನೋಡಿ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಇದ್ದಾಗ ಹವ್ಯಕ ಕನ್ನಡ, ತುಳು, ಕೊರಗರ ಭಾಷೆ ಇವನ್ನೆಲ್ಲ ಕೂತು ಕೇಳಿ ಬರೆದುಕೊಂಡವರು ಅವರು. ಆಮೇಲೆ ಮಣಿಪುರಿ. ಸರ್ವನಾಮ, ಗುಣವಾಚಕಗಳ ಬಗ್ಗೆ ಜಗತ್ತಿನ ಭಾಷಾವಿಜ್ಞಾನಿಗಳು ಇವತ್ತಿಗೂ ಉಲ್ಲೇಖಿಸುವ ಕೆಲಸ ಮಾಡಿದರು. ಯು.ಪಿ. ಉಪಾಧ್ಯಾಯರು ನಂಜನಗೂಡು ಕನ್ನಡದ ಮೇಲೆ ಕೆಲಸ ಮಾಡಿದರು, ಆಫ್ರಿಕಾದ ಸೆನೆಗಲ್‌ಗೆ ಹೋಗಿ ಡಾಕರ್‌ನಲ್ಲಿ ಇದ್ದು ಬಂದರು, ಕೊನೆಗೆ ಉಡುಪಿಯಲ್ಲಿ ಕೂತು ತುಳು ನಿಘಂಟಿನ ಆರು ಸಂಪುಟಗಳನ್ನು ಸಂಪಾದಿಸಿದರು. ಮೊದಲ ಸಂಪುಟ 1988ರಲ್ಲಿ ಬಂತು, ಆರನೆಯದು 1997ರಲ್ಲಿ. ಇಬ್ಬರೂ ಊರಿನ ಮಾತನ್ನು ಬಿಟ್ಟು ದೊಡ್ಡವರಾದವರಲ್ಲ.

ದಾಖಲಿಸಲು ಇನ್ನೂ ಏನು ಉಳಿದಿದೆ ಎಂದು ಕೇಳಬಹುದು. ಬ್ರಿಟಿಷರ ಕಾಲದಲ್ಲಿ ಗ್ರಿಯರ್ಸನ್ ಮುಂದೆ ನಿಂತು ನಡೆಸಿದ ಭಾರತದ ಭಾಷಾ ಸರ್ವೆ ಗೊತ್ತಲ್ಲ? ಆ ಸರ್ವೆ ಮೈಸೂರು ಸಂಸ್ಥಾನವನ್ನಾಗಲಿ, ಹೈದರಾಬಾದ್ ಸಂಸ್ಥಾನವನ್ನಾಗಲಿ, ಮದ್ರಾಸ್ ಪ್ರಾಂತ್ಯವನ್ನಾಗಲಿ ಮುಟ್ಟಲಿಲ್ಲ. ಅಂದರೆ ಇವತ್ತಿನ ಕರ್ನಾಟಕದ ಬಹುಭಾಗ ಅದರಲ್ಲಿ ಇಲ್ಲ. 2011ರ ಜನಗಣತಿಯಲ್ಲಿ ಜನ ಬರೆಸಿದ ಮಾತೃಭಾಷೆಯ ಹೆಸರುಗಳು ದೇಶಾದ್ಯಂತ 19,569. ಅವನ್ನು ಪರಿಶೀಲಿಸಿ, ಒಂದೇ ಮಾತಿನ ಬೇರೆ ಬೇರೆ ಹೆಸರುಗಳನ್ನು ಕೂಡಿಸಿ, 1,369ಕ್ಕೆ ತಂದರು. ಹತ್ತು ಸಾವಿರಕ್ಕಿಂತ ಜಾಸ್ತಿ ಜನ ಆಡುವ ಭಾಷೆಗಳೆಂದು ಕೊನೆಗೆ ಪಟ್ಟಿಯಾದದ್ದು 121. ಯಾವ ಹೆಸರು ಯಾವ ಭಾಷೆಯ ಕೆಳಗೆ ಹೋಗಬೇಕು ಎಂದು ನೋಡುವುದೇ ಒಂದು ದೊಡ್ಡ ಭಾಷಾವೈಜ್ಞಾನಿಕ ಕೆಲಸ. ಅದಕ್ಕಾಗಿ ಕೋಲ್ಕತ್ತಾದಲ್ಲಿ ಜನಗಣತಿ ಇಲಾಖೆಯ ಭಾಷಾ ವಿಭಾಗವೇ ಇದೆ. ಅದೇ ಗಣತಿಯಲ್ಲಿ ತುಳು ಮಾತಾಡುವವರು 18 ಲಕ್ಷ ದಾಟಿದ್ದರೆ ಕೊಡವ ಮಾತಾಡುವವರು ಒಂದು ಲಕ್ಷ ಹದಿಮೂರು ಸಾವಿರ ಚಿಲ್ಲರೆ. ಯುನೆಸ್ಕೋದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಇವೆರಡೂ ಇವೆ, ಕೊರಗವೂ ಇದೆ.

ಆದ್ದರಿಂದ ಎಂ.ಎ. ಮಾಡುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಡಿಸರ್ಟೇಷನ್‌ಗೆ ಲೈಬ್ರರಿಯ ಐದು ಪುಸ್ತಕ ಸೇರಿಸಿ ಆರನೆಯದನ್ನು ಬರೆಯಬೇಡಿ. ಊರಿಗೆ ಹೋಗಿ. ಒಳ್ಳೆಯ ಮೈಕ್ ಒಂದನ್ನು ಯಾರಿಂದಲಾದರೂ ಎರವಲು ತನ್ನಿ. ಅಜ್ಜ ಅಜ್ಜಿಯರಿಗೆ ಯಾತಕ್ಕೆ ರೆಕಾರ್ಡ್ ಮಾಡುತ್ತೀರಿ ಎಂದು ಹೇಳಿ ಒಪ್ಪಿಗೆ ಪಡೆಯಿರಿ. ಎಲ್ಲಿ, ಯಾವತ್ತು, ಯಾರು, ಯಾವ ಊರಿನ ಮಾತು ಎಂದು ಪ್ರತಿ ಫೈಲಿಗೂ ಬರೆದಿಡಿ. ಮಾತನ್ನು ವಾಕ್ಯ ವಾಕ್ಯವಾಗಿ ಬರೆದುಕೊಳ್ಳಲು ಎಲಾನ್, ಧ್ವನಿಗಳನ್ನು ಅಳೆಯಲು ಪ್ರಾಟ್, ಪದಕೋಶ ಕಟ್ಟಲು ಫ್ಲೆಕ್ಸ್, ಈ ಮೂರೂ ಸಾಫ್ಟ್‌ವೇರ್‌ಗಳು ಪುಕ್ಕಟೆ ಸಿಗುತ್ತವೆ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಎರಡು ಗಂಟೆಯಷ್ಟು ಮಾತನ್ನು ಹೀಗೆ ಅಚ್ಚುಕಟ್ಟಾಗಿ ದಾಖಲಿಸಿದವರ ಕೈಲಿ ಅಂಕಪಟ್ಟಿಗಿಂತ ಭಾರವಾದದ್ದು ಇರುತ್ತದೆ. ಇಂಟರ್‌ವ್ಯೂಗಳಲ್ಲಿ ಇದನ್ನು ನಾನೇ ಕಂಡಿದ್ದೇನೆ.

ಟೆಕ್ ಕಂಪನಿಗಳ ಕೆಲಸಕ್ಕೂ ಇದೇ ದಾರಿ. ಭಾರತದ ಭಾಷೆಗಳ ನಡುವೆ ಕಂಪ್ಯೂಟರಿನಿಂದ ಅನುವಾದ ಮಾಡಿಸುವ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಶುರುವಾಯಿತು. ಐಐಟಿ ಮದ್ರಾಸಿನ ಎಐ4ಭಾರತ್, ಹೈದರಾಬಾದಿನ ಐಐಐಟಿ ಭಾರತದ ಭಾಷೆಗಳ ಮೇಲೆ ತುಂಬಾ ಕೆಲಸ ಮಾಡುತ್ತಿವೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ, ಕೊಂಕಣಿ 2022ರಲ್ಲಿ, ತುಳು 2024ರಲ್ಲಿ. ಮೆಷಿನ್ ಎಲ್ಲಾ ಮಾಡುತ್ತೆ, ಇನ್ನು ಲಿಂಗ್ವಿಸ್ಟ್ ಯಾಕೆ ಅಂತ ಕೇಳುವವರಿದ್ದಾರೆ. ಧಾರವಾಡದವರು ತಮ್ಮ ಪಾಡಿಗೆ ತಾವು ಮಾತಾಡಿದ್ದನ್ನು ಫೋನಿಗೆ ಕೇಳಿಸಿ, ಅದು ಏನು ಬರೆಯುತ್ತದೆ ನೋಡಿ. 'ಹೊಂಟೀನಿ', 'ಮಾಡಾಕತ್ತಾರ' ಇಂಥವನ್ನು ಕೇಳಿದ ಹಾಗೆಯೇ ಬರೆಯಬೇಕಾ, ಗ್ರಾಂಥಿಕ ರೂಪಕ್ಕೆ ತಿರುಗಿಸಬೇಕಾ? ಬರೆದರೆ ಐವತ್ತು ಜನ ಬರೆಯುವಾಗ ಎಲ್ಲರೂ ಒಂದೇ ರೀತಿ ಬರೆಯುವಂತೆ ನಿಯಮ ಮಾಡುವವರು ಯಾರು? 'ಓದಿಸಿಕೊಳ್ಳುತ್ತಿರಲಿಲ್ಲವೇನೋ' ಎಂಬ ಒಂದೇ ಪದವನ್ನು ಎಲ್ಲೆಲ್ಲಿ ಒಡೆಯಬೇಕು, ಒಡೆದ ಚೂರುಗಳಿಗೆ ಏನು ಲೇಬಲ್ ಹಾಕಬೇಕು? ಇದನ್ನು ಸರಿಯಾಗಿ ಮಾಡಲು ಕನ್ನಡವೂ ಬರಬೇಕು, ಪದರಚನೆಯ ಶಾಸ್ತ್ರವೂ ಬರಬೇಕು. ಎರಡೂ ಬರುವವರು ಕಡಿಮೆ ಇದ್ದಾರೆ. ಜೊತೆಗೆ ಪೈಥಾನ್ ಕಲಿತುಬಿಡಿ. ದೊಡ್ಡ ಇಂಜಿನಿಯರ್ ಆಗಬೇಕಿಲ್ಲ, ಸಾವಿರ ಫೈಲುಗಳಲ್ಲಿ ಬೇಕಾದ್ದನ್ನು ಹುಡುಕಿ ಎಣಿಸುವಷ್ಟು ಬಂದರೆ ಶುರುಮಾಡಬಹುದು.

ಈ ಕೆಲಸಗಳಲ್ಲಿ ಒಂದು ಎಚ್ಚರಿಕೆ ಬೇಕು. ಎಷ್ಟೋ ಕಡೆ ನಿಮ್ಮನ್ನು ತೆಗೆದುಕೊಳ್ಳುವುದು ಮಧ್ಯದ ಏಜೆನ್ಸಿ. ಪದಕ್ಕಿಷ್ಟು, ನಿಮಿಷದ ಆಡಿಯೋಗಿಷ್ಟು ಎಂದು ಲೆಕ್ಕ. ಪ್ರಾಜೆಕ್ಟ್ ಮುಗಿದ ದಿನ ಕೆಲಸವೂ ಮುಗಿಯುತ್ತದೆ. ನನಗೆ ಒಂದು ಏಜೆನ್ಸಿ ಮಾಡಿದ ಕೆಲಸದ ದುಡ್ಡನ್ನು ತಿಂಗಳುಗಟ್ಟಲೆ ಎಳೆದು ಕೊಟ್ಟಿತು. ಒಪ್ಪಂದ ಪೂರ್ತಿ ಓದಿ, ದುಡ್ಡು ಯಾವಾಗ ಬರುತ್ತದೆ ಅನ್ನೋದು ಬರಹದಲ್ಲಿ ಇರಲಿ. ಬರೀ ಲೇಬಲ್ ಹಾಕುವ ಕೆಲಸದಲ್ಲೇ ವರ್ಷಗಟ್ಟಲೆ ಉಳಿಯಬೇಡಿ, ನಿಯಮ ಬರೆಯುವ ಕೆಲಸಕ್ಕೆ ಏರಲು ನೋಡಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನ ನಮ್ಮ ಊರಲ್ಲೇ ಇರುವುದು ನಮ್ಮ ಪುಣ್ಯ. ಭಾಷಾ ದತ್ತಾಂಶದ ಘಟಕ, ರಾಷ್ಟ್ರೀಯ ಅನುವಾದ ಮಿಷನ್, ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ದಾಖಲಿಸುವ ಯೋಜನೆ, ಎಲ್ಲಾ ಅಲ್ಲಿಂದಲೇ ನಡೆದಿವೆ. ಪ್ರಾಜೆಕ್ಟ್ ಹುದ್ದೆಗಳು ಗುತ್ತಿಗೆಯವು, ಪರ್ಮನೆಂಟ್ ಎಂದುಕೊಂಡು ಹೋಗಬೇಡಿ. ಆದರೆ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಬೇರೆ ಭಾಷೆಯವರಿಗೆ ಕನ್ನಡ ಕಲಿಸುವುದೂ ಒಂದು ವೃತ್ತಿ ಎಂಬುದನ್ನು ಮರೆಯಬೇಡಿ. ಅದೇ ಆವರಣದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯದ ಶಿಕ್ಷಕರು ಬಂದು ಕನ್ನಡ ಕಲಿಯುತ್ತಾರೆ.

ಮಾತು ಮತ್ತು ಕಿವಿಯ ತೊಂದರೆಗಳನ್ನು ನೋಡುವ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಬಗ್ಗೆ ತುಂಬಾ ಜನ ತಪ್ಪು ತಿಳಿದಿದ್ದಾರೆ. ಎಂ.ಎ. ಲಿಂಗ್ವಿಸ್ಟಿಕ್ಸ್ ಮಾಡಿ ಸ್ಪೀಚ್ ಥೆರಪಿಸ್ಟ್ ಆಗಲು ಆಗುವುದಿಲ್ಲ. ಅದಕ್ಕೆ ಬೇರೆ ಡಿಗ್ರಿ ಬೇಕು, ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಪಿಯುಸಿಯಲ್ಲಿ ಸೈನ್ಸ್ ಓದುತ್ತಿರುವ ತಮ್ಮ ತಂಗಿಯರಿಗೆ ಹೇಳಿ, ಆ ಡಿಗ್ರಿಯಾದ ಬಿಎಎಸ್‌ಎಲ್‌ಪಿ ಸೇರಲಿ.

ಹೊರದೇಶದ ಓದಿನ ಬಗ್ಗೆ ಎರಡು ಮಾತು. ಅಮೆರಿಕದಲ್ಲಿ ಬರೀ ಎಂ.ಎ.ಗೆ ಸಾಲ ಮಾಡಿ ಹೋಗಬೇಡಿ. ಒಳ್ಳೆಯ ವಿಶ್ವವಿದ್ಯಾಲಯಗಳ ಪಿಎಚ್‌ಡಿಗೆ ಸಾಮಾನ್ಯವಾಗಿ ಫೀಸು ಮನ್ನಾ ಇರುತ್ತದೆ, ಖರ್ಚಿಗೂ ಕೊಡುತ್ತಾರೆ. ಎಂ.ಎ. ಮುಗಿಸಿದವರು ನೇರ ಅದಕ್ಕೇ ಅರ್ಜಿ ಹಾಕಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀಸ್ ಇಲ್ಲ. ಕಂಪ್ಯೂಟೇಷನಲ್ ಲಿಂಗ್ವಿಸ್ಟಿಕ್ಸ್‌ಗೆ ಹೆಸರಾದ ಟ್ಯೂಬಿಂಗೆನ್, ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ಮಾತ್ರ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಯುರೋಪಿನ ಎರಡು ವಿಶ್ವವಿದ್ಯಾಲಯಗಳಲ್ಲಿ ಓದಿಸುವ, ಭಾಷಾ ತಂತ್ರಜ್ಞಾನದ ಎರಾಸ್ಮಸ್ ಮುಂಡುಸ್ ಎಲ್‌ಸಿಟಿ ಕೋರ್ಸನ್ನೂ ನೋಡಿ. ವುರ್ಟ್ಸ್‌ಬರ್ಗ್‌ನಲ್ಲಿ ಕನ್ನಡವನ್ನೇ ಕಲಿಸುತ್ತಾರೆ, ತುಳುವಿನ ಮೇಲೂ ಅಲ್ಲಿ ಕೆಲಸ ಆಗಿದೆ. ಇಂಥ ಕಡೆ ಅರ್ಜಿ ಬರೆಯುವಾಗ ನಿಮ್ಮ ಊರಿನ ರೆಕಾರ್ಡಿಂಗುಗಳು ಮೊದಲ ಪ್ಯಾರಾದಲ್ಲೇ ಬರಲಿ.

ಇಷ್ಟು ಹುಡುಗರಿಗೆ. ವಿಶ್ವವಿದ್ಯಾಲಯಗಳಲ್ಲಿ ಕುರ್ಚಿ ಇರುವವರಿಗೂ ಒಂದು ಮಾತು ಹೇಳಲೇಬೇಕು. ಕನ್ನಡ ಎಂ.ಎ.ಯ ಭಾಷಾವಿಜ್ಞಾನ ಪೇಪರಿಗೆ ಭಾಷಾವಿಜ್ಞಾನ ಓದಿದವರನ್ನೂ ಅರ್ಹರೆಂದು ಸೇರಿಸಿ. ಜಿಲ್ಲೆಗೊಂದು ಉಪಭಾಷಾ ನಿಘಂಟಿನ ಕೆಲಸ ಹಾಕಿ, ಮೂರು ವರ್ಷಕ್ಕೆ ಇಬ್ಬರು ಮೂವರು ಹುಡುಗರಿಗೆ ಸಂಬಳ ಕೊಡಿ. ಆ ಮಾತನ್ನು ಚೆನ್ನಾಗಿ ಆಡುವ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ, ಕಲಿತ ಹುಡುಗರು ಕೆಲಸವಿಲ್ಲದೆ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾರೆ.

ಸೀಟು ಸಿಕ್ಕಿ ಯೋಚನೆ ಮಾಡುತ್ತಿರುವವರು ಕೆಳಗೆ ಬರೆಯಿರಿ. ನಿಮ್ಮ ಊರು, ಮನೆಯಲ್ಲಿ ಆಡುವ ಮಾತು, ಯಾವ ಕೆಲಸದ ಮೇಲೆ ಮನಸ್ಸಿದೆ ಎಂಬುದೂ ಇರಲಿ. ಆ ಮಾತಿನ ಮೇಲೆ ಆಗಲೇ ಏನು ಕೆಲಸ ಆಗಿದೆ ಎಂದು ನನಗೆ ತಿಳಿದಷ್ಟು ಹೇಳುತ್ತೇನೆ. ರೆಕಾರ್ಡಿಂಗ್ ಶುರುಮಾಡಿದವರಿಗೆ ಎಲಾನ್ ಕಲಿಸಿಕೊಡಲು ಭಾನುವಾರ ಸಂಜೆ ಆನ್‌ಲೈನ್‌ನಲ್ಲಿ ಕೂರುತ್ತೇನೆ.