ಸೂರಿಂದ ಇಳಿದು ಬಂದವನು

ಇವತ್ತು ಬೆಳಗ್ಗೆ ಬಾಡಿಗೆ ಇಸ್ಕೊಳಕ್ಕೆ ಅಂತ ಮೇಲೆ ಬಂದ ಓನರ್ ಅಂಕಲ್ ದುಡ್ಡು ಎಣಿಸೋದನ್ನ ಅರ್ಧಕ್ಕೇ ಬಿಟ್ಟು ಹಾಲ್ ಗೋಡೆ ಮುಂದೆ ಹೋಗಿ ನಿಂತ್ಬಿಟ್ರು. ನಂಗೆ ಎದೆ ಧಸಕ್ ಅಂತು. ಹಾಸನದ ಜುಲೈ ಮಳೆ ಗೊತ್ತಲ್ಲ, ತಾರಸಿಗೆ ಹೋಗಿ ಎರಡು ಟವೆಲ್ ಎತ್ಕೊಂಡು ಬರೋಷ್ಟರಲ್ಲಿ ಅಂಗಾಲೆಲ್ಲ ಪಾಚಿ. ಆ ಕಾಲು ತೊಳೀದೇ ಹ್ಯಾಂಡ್‌ಸ್ಟ್ಯಾಂಡ್, ಅಂದ್ರೆ ಕೈ ಊರಿ ಉಲ್ಟಾ ನಿಲ್ಲೋ ಪ್ರಾಕ್ಟೀಸಿಗೆ ಇಳಿದಿದ್ದು ನನ್ನದೇ ತಪ್ಪು, ಒಪ್ಕೋತೀನಿ. ಆದ್ರೆ ಅದಕ್ಕೆ ಟೇಪ್ ಹಿಡಿದು ಅಳತೆ ಮಾಡ್ಬೇಕಾ?

ಗೋಡೆಗೆ ಬೆನ್ನು ಮಾಡಿ ಕಾಲು ಒದ್ದು ಮೇಲೆ ಹೋದ್ರೆ ಸೊಂಟ ಬಾಳೆಹಣ್ಣಿನ ಥರ ಬಾಗುತ್ತೆ, ಅದಕ್ಕೇ ಗೋಡೆಗೆ ಮುಖ ಮಾಡಿ ಹತ್ತಿ ಅಂತಾರೆ ಕಲಿಸೋರು. ಅಂಗೈ ನೆಲಕ್ಕೆ ಊರಿ, ಪಾದ ಗೋಡೆಗೆ ಕೊಟ್ಟು, ಒಂದೊಂದೇ ಹೆಜ್ಜೆ ಮೇಲಕ್ಕೆ ಇಡ್ತಾ ಕೈನೂ ಗೋಡೆ ಹತ್ರ ತರ್ತಾ ಹೋಗೋದು. ಮೈ ನೆಟ್ಟಗೆ ಬರುತ್ತೆ, ನಿಜ. ಆದ್ರೆ ಹಿಂಗೆ ಹತ್ತಿದ್ರೆ ಗೋಡೆ ಮೇಲೆ ಮೂಡೋ ಹೆಜ್ಜೆಗಳಲ್ಲಿ ಬೆರಳು ಕೆಳಗಡೆ ಇರುತ್ತೆ ಅಂತ ಯಾವ ವೀಡಿಯೋದಲ್ಲೂ ಹೇಳಲ್ಲ. ನೋಡಿದೋರಿಗೆ ಯಾರೋ ಸೂರಿಂದ ಗೋಡೆ ಮೇಲೇ ನಡ್ಕೊಂಡು ಇಳಿದು ಬಂದ ಹಾಗೆ.

ನಮ್ಮ ಅಂಕಲ್ ಸರ್ವೆಯರ್ ಆಗಿ ರಿಟೈರ್ ಆದವರು. ಕೆಲಸ ಬಿಟ್ರೂ ಟೇಪ್ ಬಿಟ್ಟಿಲ್ಲ, ಶರ್ಟ್ ಜೇಬಲ್ಲೇ ಇರುತ್ತೆ. ನನ್ನ ಸ್ಕೂಟರ್‌ಗೂ ಅವರ ತುಳಸಿಕಟ್ಟೆಗೂ ಎಷ್ಟು ಇಂಚು ಅಂತ ಅಳೆದಿದ್ದಾರೆ, ಬಟ್ಟೆ ಒಣಗಿಸೋ ಹಗ್ಗದಲ್ಲಿ ಯಾರ ಪಾಲು ಎಷ್ಟು ಅಂತ ಗಂಟು ಹಾಕಿದ್ದಾರೆ. ಇವತ್ತು ಅದೇ ಟೇಪ್ ಸರ್ ಅಂತ ಈಚೆ ಬಂತು. "ಕೆಳಗಿಂದು ಎರಡಡಿ. ಮೇಲಿಂದು ಐದಡಿ ಏಳಿಂಚು." ಬರ್ಕೊಂಡ್ರು. ನನ್ನ ಎತ್ತರ ಐದಡಿ ಐದಿಂಚು, ಹಂಗಾಗಿ ನನ್ನ ಮೇಲೆ ಅನುಮಾನಾನೇ ಬರಲಿಲ್ಲ. ಮೆಟ್ಟಿಲ ಹತ್ರ ಹೋಗಿ ಆಂಟೀನ ಕೂಗಿದ್ರು. ಆಂಟಿ ಸೊಪ್ಪು ಸೋಸ್ತಾ ಇದ್ದೋರು ಮೊರ ಹಿಡ್ಕೊಂಡೇ ಬಂದ್ರು.

"ಕಳ್ಳ ಅಲ್ಲ ಬಿಡ್ರೀ, ಕಳ್ಳ ಆಗಿದ್ರೆ ಚಪ್ಪಲಿ ಹಾಕ್ಕೊಂಡಿರ್ತಿದ್ದ."

"ಅದಲ್ವೇ, ಬರೀ ಇಳಿದಿರೋ ಹೆಜ್ಜೆ ಇದೆ, ವಾಪಸ್ ಹತ್ತಿರೋದು ಇಲ್ಲ. ಅಂದ್ರೆ ಇಲ್ಲೇ ಇದಾನೆ."

ನನ್ನ ಹೆಂಡತಿ ಒಲೆ ಮುಂದೆ ನಿಂತೇ ಸೌಟಲ್ಲಿ ನನ್ನ ಕಡೆ ತೋರಿಸಿದ್ಲು.

"ನೀನಾ? ಯಾಕಪ್ಪಾ, ಮನೇಲಿ ಏನಾದ್ರೂ ತೊಂದ್ರೇನಾ?"

ಮಾಡಿ ತೋರಿಸು ಅಂದ್ರು. ಮಾಡಿದೆ. ಈ ಸಲ ಕಾಲು ತೊಳ್ಕೊಂಡೇ ಮಾಡಿದೆ. ಟೀ ಶರ್ಟ್ ಜಾರಿ ಮುಖ ಮುಚ್ಕೊಂಡ್ತು, ಹೊಟ್ಟೆ ಊರಿಗೆಲ್ಲ ದರ್ಶನ. ಗೋಡೆಯಿಂದ ಕಾಲು ಬಿಡಿಸಿ ಬ್ಯಾಲೆನ್ಸ್ ಮಾಡೋದೇ ಕಷ್ಟದ ಭಾಗ: ಬೆನ್ನಿನ ಕಡೆ ವಾಲಿದ್ರೆ ಬೆರಳ ತುದಿ ನೆಲಕ್ಕೆ ಒತ್ತಬೇಕು, ಕಾಲು ವಾಪಸ್ ಇಳಿಯೋ ಕಡೆ ಹೋದ್ರೆ ಅಂಗೈ ಬುಡ ಒತ್ತಬೇಕು, ಭುಜ ಕಿವಿಗೆ ತಾಗೋ ಹಾಗೆ ನೆಲಾನ ತಳ್ತಾನೇ ಇರಬೇಕು. ಅಷ್ಟರಲ್ಲಿ ಟೀ ಶರ್ಟ್ ಆಚೆಯಿಂದ ಮತ್ತೆ ಸರ್ ಅಂತ ಸದ್ದು. ಅಂಕಲ್ ನನ್ನನ್ನೇ ಅಳೀತಾ ಇದ್ದಾರೆ! "ಆರಡಿ ಎಂಟಿಂಚು. ಅಲ್ಲಪ್ಪಾ, ನೆಟ್ಟಗೆ ನಿಂತ್ರೆ ಐದೂವರೆ ಇಲ್ಲ, ಉಲ್ಟಾ ನಿಂತ್ರೆ ಬೆಳೀತೀಯಾ?" ಅದಕ್ಕೆ ಉತ್ತರ ಹೇಳಕ್ಕೆ ಹೋಗಿ ಬಿದ್ದೆ. ಬೀಳುವಾಗ ಒಂದು ಕೈ ಎತ್ತಿಟ್ಟು ಪಕ್ಕಕ್ಕೆ ತಿರುಗಿ ಇಳೀಬೇಕು ಅಂತ ಕಲ್ತಿದ್ದೀನಿ, ಆದ್ರೆ ಪಕ್ಕದಲ್ಲಿ ಆಂಟಿ ಮೊರ ಇತ್ತು. ದಂಟಿನ ಸೊಪ್ಪು ಈಗ್ಲೂ ಸೋಫಾ ಕೆಳಗೆ ಸಿಗ್ತಾ ಇದೆ.

ಆಮೇಲೆ ಕಾಫಿ ಕುಡೀತಾ ಉಪದೇಶ. "ಯೋಗದ ಗುರು ಪಟ್ಟಾಭಿ ಜೋಯಿಸರು ಇಲ್ಲೇ ಹಾಸನದ ಹತ್ರ, ನಮ್ಮ ಕೌಶಿಕದವರು ಗೊತ್ತಾ? ಶೀರ್ಷಾಸನ ಮಾಡಪ್ಪಾ, ಗೋಡೆಗೆ ಖರ್ಚಿಲ್ಲ." ಗೊತ್ತು ಅಂಕಲ್. 1927ರಲ್ಲಿ ಇದೇ ಹಾಸನದ ಜೂಬಿಲಿ ಹಾಲ್‌ನಲ್ಲಿ ಕೃಷ್ಣಮಾಚಾರ್ಯರ ಯೋಗ ಪ್ರದರ್ಶನ ನೋಡಿ, ಮಾರನೇ ದಿನಾನೇ ಹೋಗಿ ಶಿಷ್ಯರಾದರಂತೆ. ಆಗ ಅವರಿಗೆ 12 ವರ್ಷ. ನಂಗೆ 39, ರಾತ್ರಿ ಹನ್ನೊಂದಕ್ಕೆ ಮೊಬೈಲ್ ನೋಡಿ ಶುರು ಮಾಡ್ದೋನು, ಆರು ತಿಂಗಳಾದ್ಮೇಲೆ ಗೋಡೆ ಬಿಟ್ಟು ನಿಲ್ಲೋದು ನಾಲ್ಕು ಸೆಕೆಂಡು. ಅದೂ ನನ್ನ ಲೆಕ್ಕದಲ್ಲಿ. ಹೆಂಡತಿ ಎಣಿಸಿದ್ರೆ ಎರಡೇ, ಯಾಕಂದ್ರೆ ಅವಳ ಒಂದು ಕಣ್ಣು ಯಾವಾಗ್ಲೂ ಹಾಲಿನ ಪಾತ್ರೆ ಮೇಲೆ.

ಹನ್ನೆರಡನೇ ವಯಸ್ಸಲ್ಲಿ ನಂಗೂ ಬರ್ತಿತ್ತು ಕಣ್ರೀ. ಸುಗ್ಗಿ ಆದ್ಮೇಲೆ ಕಣದಲ್ಲಿ ಹುಲ್ಲು ಹರಡಿರೋದು, ಅದರ ಮೇಲೆ ಕೈ ಊರಿ ಕಾಲೆತ್ತಿದ್ರೆ ಜೇಬಲ್ಲಿದ್ದ ಗೋಲಿಗಳೆಲ್ಲ ಉದುರೋ ತನಕ ಹಂಗೇ ನಡೀತಿದ್ವಿ. ಅಪ್ಪ ಎತ್ತು ಕಟ್ತಾ ಕಟ್ತಾ "ಬಿದ್ದೀಯಲೇ" ಅಂತ ಒಂದು ಕೂಗು ಹಾಕೋರು, ತಿರುಗೂ ನೋಡ್ತಿರಲಿಲ್ಲ. ಯಾರೂ ಸೆಕೆಂಡ್ ಎಣಿಸಲಿಲ್ಲ. ಆ ಕಣ ಈಗ ಸೈಟ್ ಆಗಿದೆ.

ಕೊನೆಗೆ ಅಂಕಲ್ ತೀರ್ಪು ಕೊಟ್ರು. ಗೋಡೆಯಿಂದ ಮೂರಡಿ ಅಳೆದು ನೆಲದ ಮೇಲೆ ಚಾಕ್‌ಪೀಸಲ್ಲಿ ಗೆರೆ ಎಳೆದು, "ಇದರಿಂದ ಈಚೆ ಏನ್ ಬೇಕಾದ್ರೂ ಮಾಡ್ಕೋ" ಅಂದ್ರು. ಗೋಡೆ ಇಲ್ಲದೆ ನಿಲ್ಲಕ್ಕೆ ಬಂದಿದ್ರೆ ನಾನ್ಯಾಕೆ ಗೋಡೆ ಹತ್ರ ಹೋಗ್ತಿದ್ದೆ ಸ್ವಾಮೀ? ಬಾಯಿ ತುದೀಗೆ ಬಂದಿತ್ತು, ಅಡ್ವಾನ್ಸ್ ನೆನಪಾಗಿ ನುಂಗ್ಕೊಂಡೆ. ಅವರು ಇಳಿದು ಹೋಗಿ ಅರ್ಧ ಗಂಟೆಗೆ ಹೆಂಡತಿ ನೆಲ ಒರೆಸಿದ್ಲು, ಗೆರೆ ಹೋಯ್ತು. ಸಂಜೆ ಕೆಳಗಡೆ ಸಿಕ್ಕಿದ ಅಂಕಲ್ ಕೇಳಿದ್ರು, "ಗೆರೆ ಇದೆ ತಾನೇ?" ಇದೆ ಅಂಕಲ್ ಅಂದೆ. ಅವರ ಕೈ ಜೇಬಿನ ಹತ್ರ ಹೋಯ್ತು.