ಮೈ ಜುಂ ಅನ್ನುವ ಸಾಲಿಗೆ ಎಂತ ಹೆಸರು?

ಜಪಾನಿನ ಒಸಾಕಾಗೆ ಬಂದು ಆರು ವರ್ಷ ಆಯಿತು. ಆಫೀಸಿನವರ ಜೊತೆ ಕರಾವೊಕೆಗೆ ಹೋಗುವುದು ಇಲ್ಲಿ ತಪ್ಪಿದ್ದಲ್ಲ. ಮೊನ್ನೆ ಎಲ್ಲರೂ ಒತ್ತಾಯ ಮಾಡಿದರು ಅಂತ ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿ ಒಂದು ಹಳೇ ಕನ್ನಡ ಹಾಡು ಹಾಡಿದೆ. ಮುಗಿದದ್ದೇ ಪಕ್ಕದವಳು ಕೇಳಿದಳು, "ಇದರಲ್ಲಿ ಸಬಿ ಯಾವುದು?"

ಸಬಿ ಅಂದರೆ ಹಾಡು ಮೇಲೇರುವ ಜಾಗ, ಸುಮ್ನೆ ಕೂತವರೂ ಮೈಕಿಗೆ ಬಾಯಿ ಹಾಕುವ ಭಾಗ. ನಾನು ಗತ್ತಿನಲ್ಲಿ "ಪಲ್ಲವಿ" ಅಂದೆ. "ಅದು ಶುರುವಿಗೇ ಬಂತಲ್ಲ? ಹಾಗಾದರೆ ನಿಮ್ಮ ಹಾಡೆಲ್ಲ ಅತಾಮಾ-ಸಬಿಯಾ?" ಅಂದಳು. ಅತಾಮಾ ಅಂದರೆ ತಲೆ. ತಲೆಯಲ್ಲೇ ಸಬಿ ಬಂದುಬಿಡುವ ಹಾಡು. ಅಲ್ಲ ಅಂದೆ. ಮತ್ತೆ ಯಾವುದು ಅಂತ ಹೇಳಲಿಕ್ಕೆ ಪದವೇ ಸಿಗಲಿಲ್ಲ.

ನೀವೇ ಯೋಚನೆ ಮಾಡಿ. ನಮ್ಮ ಸಿನಿಮಾ ಹಾಡಿನಲ್ಲಿ ಮೈ ಜುಂ ಅನ್ನುವುದು ಎಷ್ಟೋ ಸಲ ಚರಣದ ಬಾಲದಲ್ಲಿ. ಹಾಡುವವನು ಮೇಲೆ ಮೇಲೆ ಹೋಗಿ, ಒಂದು ಸ್ವರ ಹಿಡಿದು ನಿಂತು, ಉಸಿರು ಮುಗಿಯಿತು ಅನ್ನುವಾಗ ಪಲ್ಲವಿಗೆ ಜಾರುತ್ತಾನಲ್ಲ, ಅಲ್ಲಿ. ಮಂಗಳೂರಿನ ರಸಮಂಜರಿಗಳಲ್ಲಿ ಶಿಳ್ಳೆ ಬೀಳುವುದೂ ಅಲ್ಲಿಯೇ. ಊರಿನಲ್ಲಿ ಆರ್ಕೆಸ್ಟ್ರಾಕ್ಕೆ ಹಾಡುವ ದೋಸ್ತಿಗೆ ಫೋನ್ ಮಾಡಿದೆ. "ಹೆಸರು ಎಂತದು ಮಾರಾಯ? ಮೇಲೆ ಹೋಗ್ತದಲ್ಲ, ಆ ಜಾಗ" ಅಂದ.

ಪಲ್ಲವಿ, ಅನುಪಲ್ಲವಿ, ಚರಣ ಎಲ್ಲ ಯಾವುದು ಎಲ್ಲಿ ಕೂರುತ್ತದೆ ಅಂತ ಹೇಳುತ್ತವೆ, ಬಸ್ಸಿನ ಸೀಟ್ ನಂಬರಿನ ಹಾಗೆ. ಇಲ್ಲಿನವರು ಅದಕ್ಕೆ ತಲೆಕೆಡಿಸಿಕೊಂಡಿಲ್ಲ. ಮೊದಲಿನ ಎರಡು ಭಾಗಕ್ಕೆ ಎ-ಮೆಲೊ, ಬಿ-ಮೆಲೊ ಅಂತ ಬರೀ ಅಕ್ಷರ. ಸಬಿಗೆ ಮಾತ್ರ ಎಷ್ಟೊಂದು ಹೆಸರು! ವಾದ್ಯಗಳೆಲ್ಲ ತಗ್ಗಿ ಹೆಚ್ಚು ಕಡಿಮೆ ದನಿಯೊಂದೇ ಉಳಿದರೆ ಒಚಿ-ಸಬಿ, ಕೊನೆಗೆ ಎಲ್ಲ ಒಟ್ಟಿಗೆ ನುಗ್ಗಿದರೆ ಓ-ಸಬಿ. ಈ ಪದ ಸುಶಿಯ ಜೊತೆ ಕೊಡುವ ಹಸಿರು ಖಾರ ವಸಾಬಿಯಿಂದ ಬಂತು ಅನ್ನುವವರಿದ್ದಾರೆ, ಹಳತರಲ್ಲಿ, ಕುಂದಿನಲ್ಲಿ ಚಂದ ಕಾಣುವ ವಬಿ-ಸಬಿಯಿಂದ ಅನ್ನುವವರೂ ಇದ್ದಾರೆ. ನನ್ನ ಓಟು ವಸಾಬಿಗೆ. ಮೂಗಿಗೆ ಹತ್ತಬೇಕು, ಅಲ್ವಾ?

ಹಾಡಿನ ಕೊನೆಯಲ್ಲಿ ಶ್ರುತಿ ಏರಿಸುವುದನ್ನು ಇಂಗ್ಲಿಷಿನವರು ತಮಾಷೆಗೆ ಲಾರಿ ಡ್ರೈವರನ ಗೇರು ಬದಲಾವಣೆ ಅನ್ನುತ್ತಾರೆ. ಆಗುಂಬೆಯ 14 ತಿರುವಿನಲ್ಲಿ ಬಸ್ಸು ಗೇರು ಬದಲಿಸುವ ಸದ್ದು ಕೇಳುತ್ತಲೇ ಬೆಳೆದ ನಮಗೆ ಅದು ಹೊಳೆಯಲಿಲ್ಲ. ಸಾರು ಬೇರೆ, ಕೊದ್ದೆಲು ಬೇರೆ, ಮೆಣಸ್ಕಾಯಿ ಬೇರೆ ಅಂತ ಜಗಳವಾಡುವ ಜನ, ಹಾಡಿನ ವಿಷಯಕ್ಕೆ ಬಂದರೆ "ಸೂಪರ್ ಸಾಂಗ್" ಅಂತ ಹೇಳಿ ಕೈ ತೊಳೆದುಕೊಳ್ಳುತ್ತೇವೆ.

ಇಲ್ಲಿಯದೂ ಎಲ್ಲ ಸರಿ ಅಂತಲ್ಲ ಬಿಡಿ. ನಮ್ಮ ಬಾಸ್ ಸಬಿ ಬರುವವರೆಗೆ ಫೋನ್ ನೋಡುತ್ತಾ ಕೂರುತ್ತಾರೆ, ಹಾಡುವವನ ಮುಖವನ್ನೂ ನೋಡುವುದಿಲ್ಲ. ಮತ್ತೆ ಇನ್ನೊಂದು. ಹೇಳದೇ ಇರೋಣ ಅಂತಿದ್ದೆ, ಹೇಳಿದರೆ ಇಷ್ಟು ಹೊತ್ತು ಬೈದದ್ದು ಅರ್ಧ ಸುಳ್ಳಾಗುತ್ತದೆ. ಹೋದ ಸಲ ಉಡುಪಿಗೆ ಹೋಗಿದ್ದಾಗ ಮನೆ ಹತ್ತಿರ ಯಕ್ಷಗಾನದ ಹರಕೆ ಆಟ ಇತ್ತು. ರಾತ್ರಿ ಎರಡು ದಾಟಿತ್ತು. ಕರುಣ ರಸದ ಪದ್ಯ, ಮದ್ದಳೆ ಮಾತ್ರ ಮೆಲ್ಲಗೆ ಕೇಳುತ್ತಿತ್ತು, ನಾನು ಕುರ್ಚಿಯಲ್ಲೇ ತೂಕಡಿಸುತ್ತಿದ್ದೆ. ಮಾವ ಮೊಣಕೈಯಲ್ಲಿ ತಿವಿದರು.

"ಏಳು ಮಾರಾಯ, ಇನ್ನು ಏರುಪದ್ಯ ಉಂಟು."

ಕಣ್ಣು ಬಿಟ್ಟರೆ ಚೆಂಡೆಯವರು ಆಗಲೇ ಕೋಲು ಕೈಗೆತ್ತಿಕೊಂಡಿದ್ದರು.