ಐಟಿಐ ಮಕ್ಕಳು ಊರಿನ ಬೀದಿದೀಪ ಎಣಿಸಬೇಕೇ?

ಪ್ರಶ್ನೆ: ಐಟಿಐ ವಿದ್ಯಾರ್ಥಿಗಳು ತಾವೇ ಆರಿಸಿ, ತಾವೇ ನಡೆಸುವ ಊರಿನ ಪ್ರಾಜೆಕ್ಟ್‌ಗಳ ಮೂಲಕ ಪೌರತ್ವ ಕಲಿಸಬೇಕೇ?

ಪರ: ಕಂಬದ ಕೆಳಗೆ ನಿಂತರೇ ಪಾಠ

ನಾನು ಒಂದು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್‌ನ ಜೆಟಿಒ, ಅಂದರೆ ಕಿರಿಯ ತರಬೇತಿ ಅಧಿಕಾರಿ. ನಮ್ಮ ಮಕ್ಕಳಿಗೆ ಎಂಪ್ಲಾಯಬಿಲಿಟಿ ಸ್ಕಿಲ್ಸ್ ವಿಷಯದಲ್ಲಿ ಸಂವಿಧಾನ, ಪೌರತ್ವ ಅಂತ ಒಂದು ಪುಟ್ಟ ಪಾಠ ಇದೆ. ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿದರೆ ಮುಗಿಯಿತು. ಮೂಲಭೂತ ಕರ್ತವ್ಯ ಎಷ್ಟು ಅಂದರೆ 11 ಅಂತ ಥಟ್ಟನೆ ಹೇಳುತ್ತಾರೆ. ಗ್ರಾಮಸಭೆಗೆ ಯಾರಾದರೂ ಹೋಗಿದ್ದೀರಾ ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಅದಕ್ಕೇ ಎರಡನೇ ವರ್ಷದವರಿಗೆ ಒಂದು ಕೆಲಸ ಹೇಳಿದೆ. ನಿಮ್ಮೂರಲ್ಲಿ ಕರೆಂಟಿಗೆ ಸಂಬಂಧಪಟ್ಟ ಒಂದು ತೊಂದರೆಯನ್ನು ನೀವೇ ಹುಡುಕಿ, ನಾನು ವಿಷಯ ಕೊಡುವುದಿಲ್ಲ. ಷರತ್ತು ಒಂದೇ: ಕಂಬ ಹತ್ತಬಾರದು, ತಂತಿ ಮುಟ್ಟಬಾರದು, ಕೆಳಗೆ ನಿಂತು ನೋಡಿ ಬರೆಯಬೇಕು. ಮೊದಲ ವಾರ ಯಾರೂ ಏನೂ ತರಲಿಲ್ಲ. ಎರಡನೇ ವಾರ ಒಬ್ಬಳು ಹುಡುಗಿ, "ಸಾರ್, ನಮ್ಮ ಬೀದಿ ಲೈಟು ಮಧ್ಯಾಹ್ನವೂ ಉರೀತಾನೇ ಇರುತ್ತೆ, ಅದು ಆಗುತ್ತಾ?" ಅಂದಳು. ಆಗದೆ ಏನು!

ಅವಳೂ ಮೂರು ಜನ ಗೆಳತಿಯರೂ ಕಂಬದಿಂದ ಕಂಬಕ್ಕೆ ನಡೆದರು. ಮೂರು ಫೇಸ್, ಒಂದು ನ್ಯೂಟ್ರಲ್, ಜೊತೆಗೆ ಬೀದಿದೀಪಕ್ಕೆ ಅಂತಲೇ ಐದನೇ ತಂತಿ ಇರಬೇಕು ಅಂತ ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ, ಆದರೆ ತಲೆ ಎತ್ತಿ ಎಣಿಸಿ ನಾಲ್ಕೇ ಇದೆ ಅಂತ ಕಂಡಾಗಲೇ ಅವರಿಗೆ ಅದು ಅರ್ಥ ಆಗಿದ್ದು. ಆ ಬೀದಿಗೆ ಐದನೇ ತಂತಿಯೇ ಇಲ್ಲ. ದೀಪಗಳನ್ನು ಸದಾ ಕರೆಂಟ್ ಇರುವ ಫೇಸ್ ತಂತಿಗೇ ನೇರ ಸೇರಿಸಿದ್ದಾರೆ. ಆರಿಸೋಣ ಅಂದರೂ ಸ್ವಿಚ್ ಎಲ್ಲಿದೆ? 40 ವ್ಯಾಟ್‌ನ ಒಂದು ದೀಪ ಹಗಲು 12 ಗಂಟೆ ಸುಮ್ನೆ ಉರಿದರೆ 480 ವ್ಯಾಟ್-ಅವರ್, ಅಂದರೆ ಹತ್ತಿರ ಹತ್ತಿರ ಅರ್ಧ ಯೂನಿಟ್. ಹತ್ತು ಕಂಬ ಅಂದರೆ ದಿನಕ್ಕೆ ಐದು ಯೂನಿಟ್‌ನಷ್ಟು. ಆ ಬಿಲ್ಲು ಕಟ್ಟುವುದು ಪಂಚಾಯಿತಿ, ಅಂದರೆ ಊರಿನವರೇ.

ಪಂಚಾಯಿತಿಗೆ ಹೋದರೆ ಕರೆಂಟ್ ಆಫೀಸಿಗೆ ಹೋಗಿ ಅಂದರು. ಅಲ್ಲಿಗೆ ಹೋದರೆ ಪಂಚಾಯಿತಿಯವರನ್ನು ಕೇಳಿ ಅಂದರು. ದೀಪ ಪಂಚಾಯಿತಿಯದು, ಮೇಲಿನ ಲೈನು ಕಂಪನಿಯದು ಅಂತ ಮಕ್ಕಳಿಗೆ ಗೊತ್ತಾಗಿದ್ದು ಹೀಗೆ ಅಲೆದ ಮೇಲೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಕೊಡಬೇಕು ಅಂತ ನಾನು ಹೇಳಿದೆ. ಮೊದಲು ಗ್ರಾಮಸಭೆಯಲ್ಲಿ ಕೇಳೋಣ ಸಾರ್ ಅಂತ ಅವರೇ ತೀರ್ಮಾನಿಸಿದರು.

ಹುಡುಗಿಗೆ 18 ತುಂಬಿತ್ತು, ಮತದಾರರ ಪಟ್ಟಿಯಲ್ಲಿ ಹೆಸರಿತ್ತು. ಗ್ರಾಮಸಭೆಯಲ್ಲಿ ಹಿಂದಿನ ಸಾಲಿನಿಂದ ಎದ್ದು ನಿಂತು ನೋಟ್‌ಬುಕ್ಕಿನಿಂದ ಕಣ್ಣೆತ್ತದೆ ಓದತೊಡಗಿದಳು. ಮಧ್ಯದಲ್ಲಿ ಒಬ್ಬ ಸದಸ್ಯರು, "ನೀನು ಯಾರ ಮಗಳಮ್ಮ?" ಅಂತ ಕೇಳಿದರು. ಅಪ್ಪನ ಹೆಸರು ಹೇಳಿ, ಬೆರಳಿಟ್ಟುಕೊಂಡಿದ್ದ ಸಾಲಿನಿಂದಲೇ ಮತ್ತೆ ಓದಿದಳು. ನನಗೆ ಗಂಟಲು ಕಟ್ಟಿ ಬಂತು.

ತಂತಿ ಇನ್ನೂ ಎಳೆದಿಲ್ಲ. ಆದರೆ ಆ ವಿಷಯ ನಡಾವಳಿ ಪುಸ್ತಕದಲ್ಲಿ ಬರೆದಿದ್ದನ್ನು ಕಣ್ಣಾರೆ ನೋಡಿಯೇ ಅವಳು ಅಲ್ಲಿಂದ ಹೊರಟಿದ್ದು. ಈ ವರ್ಷದವರು ಅಂಗನವಾಡಿಗಳ ಅರ್ಥಿಂಗ್ ಬಗ್ಗೆ ಕೇಳುತ್ತಿದ್ದಾರೆ.

ವಿರೋಧ: ಮೊದಲು ಅವರ ಹಕ್ಕು ಅವರಿಗೆ ಹೇಳಿ

ನಾನು ಫಿಟ್ಟರ್ ಟ್ರೇಡ್ ಮುಗಿಸಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು. ಮೇಲಿನ ಮೇಷ್ಟ್ರ ಬಗ್ಗೆ ನನಗೆ ಗೌರವ ಇದೆ. ಆದರೆ ಅಂಥವರು ಎಷ್ಟು ಜನ ಇದ್ದಾರೆ?

ನಮಗೂ ಪ್ರಾಜೆಕ್ಟ್ ಇತ್ತು. ವಿಷಯ ನೀವೇ ಆರಿಸಿ ಅಂದರು. ಇಂಟರ್ನಲ್ ಮಾರ್ಕ್ಸ್, ಹಾಜರಿ ಎರಡೂ ಅವರ ಕೈಯಲ್ಲಿರುವಾಗ ನಾವೇನು ಆರಿಸುತ್ತೇವೆ? ಶಾಲೆಯ ಗೇಟ್ ಮುರಿದಿದೆ, ರಿಪೇರಿ ಮಾಡಿದರೆ ಚೆನ್ನಾಗಿರುತ್ತದೆ ಅಂತ ಅವರೇ ಸೂಚನೆ ಕೊಟ್ಟರು, ನಾವು ಅದನ್ನೇ "ಆರಿಸಿದೆವು". ನಾಲ್ಕು ದಿನ ಗ್ರೈಂಡರ್ ಹಿಡಿದೆವು, ಇಡೀ ಬ್ಯಾಚಿಗೆ ಎರಡು ಕನ್ನಡಕ. ಐದನೇ ದಿನ ಬ್ಯಾನರ್ ಕಟ್ಟಿ ಫೋಟೊ ತೆಗೆದರು. ಆ ಊರಲ್ಲಿ ಒಂದು ವೆಲ್ಡಿಂಗ್ ಅಂಗಡಿ ಇತ್ತು. ಆ ಗೇಟಿನ ಕೆಲಸ ಅವನಿಗೆ ಬರಬೇಕಾಗಿತ್ತು, ಅಲ್ವಾ? ನಾಳೆ ನಾವೂ ಅಂಥದ್ದೇ ಅಂಗಡಿ ಇಡುವವರು. ನಮ್ಮ ಕೆಲಸವನ್ನು ಪುಕ್ಕಟೆ ಮಾಡಿಸಬಹುದು ಅಂತ ನಮ್ಮ ಕೈಯಿಂದಲೇ ಊರಿಗೆ ತೋರಿಸಿಕೊಟ್ಟರು.

ಆ ಹುಡುಗಿ ಧೈರ್ಯವಂತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರ ಮಗಳು ಅಂತ ಕೇಳಿದ್ದು ಸುಮ್ನೆ ಅಲ್ಲ. ಅವಳ ಅಪ್ಪ ನಾಳೆ ಮನೆ ಖಾತೆಗೆ ಅದೇ ಆಫೀಸಿನ ಬಾಗಿಲಿಗೆ ಹೋಗಬೇಕು. ಆಗ ಮೇಷ್ಟ್ರು ಜೊತೆಗೆ ಬರುತ್ತಾರಾ? ಪ್ರಾಜೆಕ್ಟ್ ಮುಗಿದು ಮಾರ್ಕ್ಸ್ ಬಂದ ಮೇಲೂ ಆ ಮನೆಯವರು ಅದೇ ಊರಲ್ಲಿ ಬದುಕಬೇಕು.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಊರಿನ ದೀಪದ ಬಗ್ಗೆ ಕೇಳಲು ಕಲಿಸುತ್ತೀರಿ, ತನ್ನ ಬಗ್ಗೆ ಕೇಳಲು ಯಾರು ಕಲಿಸುತ್ತಾರೆ? ಐಟಿಐ ಮುಗಿಸಿದ ಬಹಳ ಹುಡುಗರು ಅಪ್ರೆಂಟಿಸ್ ಆಗಿ ಫ್ಯಾಕ್ಟರಿಗೆ ಕಾಲಿಡುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಂ ಪ್ರಕಾರ ಅಪ್ರೆಂಟಿಸ್ ಅಂದರೆ ತರಬೇತಿ ಪಡೆಯುವವನು, ಕಾರ್ಮಿಕ ಅಲ್ಲ. ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಸುರಕ್ಷತೆ, ಗಾಯವಾದರೆ ಪರಿಹಾರ ಇಂಥ ಕೆಲವನ್ನು ಮಾತ್ರ ಅದೇ ಕಾಯ್ದೆ ಬೇರೆ ಕಲಂಗಳಲ್ಲಿ ಕೊಡುತ್ತದೆ. ಎರಡು ವರ್ಷ ಓದಿದರೂ ಇದು ನನಗೆ ಗೊತ್ತಿರಲಿಲ್ಲ. ಪಕ್ಕದ ಮೆಷಿನ್‌ನವನ ಹತ್ತಿರ ಇಎಸ್‌ಐ (ಕಾರ್ಮಿಕರ ವಿಮೆ) ಕಾರ್ಡ್ ಇದೆ, ನನ್ನದು ಯಾವಾಗ ಬರುತ್ತದೆ ಅಂತ ಸೂಪರ್‌ವೈಸರ್‌ನನ್ನು ಕೇಳಿದಾಗ, ನೀನು ಅಪ್ರೆಂಟಿಸ್ ಕಣೋ ಅಂತ ಹೇಳಿ ಹೋದರು. ಅಷ್ಟೇ.

ಇದಕ್ಕೆ ಪ್ರಾಜೆಕ್ಟ್ ಬೇಕಾಗಿಲ್ಲ. ಕಾನೂನು ಗೊತ್ತಿರುವ ಒಬ್ಬರು, ಒಂದು ಬೋರ್ಡು, ವಾರಕ್ಕೆ ಒಂದು ತಾಸು ಸಾಕು. ಸಂಬಳದ ಚೀಟಿ ಓದುವುದು ಹೇಗೆ, ಪಿಎಫ್ ಎಷ್ಟು ಹಿಡಿಯುತ್ತಾರೆ, ಕೈಗೆ ಪೆಟ್ಟಾದರೆ ಅದೇ ದಿನ ಏನು ಬರೆಸಬೇಕು, ಇಷ್ಟು ಹೇಳಿಕೊಡಲಿ. ಉಳಿದ ಹೊತ್ತು ವರ್ಕ್‌ಶಾಪಿನಲ್ಲಿ ಕೈ ಪಳಗಲಿ. ಅರ ಹಿಡಿದು ಒಂದು ಮುಖ ಸಮ ಮಾಡಲು ಎಷ್ಟು ದಿನ ಬೇಕು ಅಂತ ಫಿಟ್ಟರ್ ಓದಿದವರನ್ನು ಕೇಳಿ.

ಅಪ್ರೆಂಟಿಸ್ ಸೇರಿದ ದಿನ ನಮ್ಮ ಮುಂದೆ ಒಂದು ಕರಾರು ಇಟ್ಟರು. ಇಂಗ್ಲಿಷಿನಲ್ಲಿತ್ತು. ನಾವು ಒಂಬತ್ತು ಜನ ಇದ್ದೆವು. ಎಲ್ಲಿ ಸಹಿ ಹಾಕಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿದ್ದರು, ಅಲ್ಲಲ್ಲೇ ಹಾಕಿ ಕೊಟ್ಟೆವು.